ಕುರಿಹಿಂಡಿನಲ್ಲಿಟ್ಟ ಫೀ ಹಣ

ಮೊಮ್ಮಗಳು ನನ್ನ ಮನೆಗೆ ಬಂದಾಗ ಅವಳ ಕೈಯಲ್ಲಿ ಒಂದು ಚೀಲ ಪುಸ್ತಕ, ಒಂದು ಮೊಬೈಲು ಮತ್ತು ತೊಂಬತ್ತು ಸಾವಿರ ರೂಪಾಯಿ ಇತ್ತು. ಹನ್ನೆರಡನೆಯ ಇಯತ್ತೆ ಮುಗಿಸಿದ್ದಳು. ದನಕರುಗಳ ಡಾಕ್ಟರ್ ಆಗಬೇಕೆಂಬುದು ಅವಳ ಹಟ. ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಸೀಟು ತಪ್ಪಿತ್ತು. ಒಂದು ವರ್ಷ ಯಾವ ಕಾಲೇಜಿಗೂ ಸೇರುವುದಿಲ್ಲ, ಓದಿ ಮತ್ತೆ ಬರೆಯುತ್ತೇನೆ ಎಂದಳು. ಜತ್ತದಲ್ಲಿ ಅವರದು ದೊಡ್ಡ ಕೂಡುಕುಟುಂಬ, ಓದಲು ಒಂದು ಮೂಲೆ ಸಿಗುವುದಿಲ್ಲ. ಉಮದಿಯ ನನ್ನ ಮನೆಯಲ್ಲಿ ಎರಡು ಖೋಲಿ, ಒಂದು ಹಿತ್ತಲು ಮತ್ತು ಬೇಕಾದಷ್ಟು ಶಿಸ್ತು ಇದೆ. ಹಾಗಾಗಿ ಇಲ್ಲಿಗೆ ಕಳಿಸಿದರು.

ಕರೆತಂದು ಬಿಟ್ಟವನು ಅಳಿಯ. ಅವನದು ಜತ್ತದಲ್ಲಿ ಅಣ್ಣತಮ್ಮಂದಿರ ಜೊತೆ ಕಬ್ಬಿಣದ ಸಾಮಾನಿನ ಅಂಗಡಿ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಹಣದ ಕಟ್ಟು ನನ್ನ ಮುಂದೆ ಸರಿಸಿದ.

"ಅತ್ತೀರ, ಇದು ಈ ವರ್ಷ ಕಾಲೇಜಿಗಂತ ತೆಗೆದಿಟ್ಟಿದ್ದು. ಇದರಾಗ ವರ್ಷ ನಡೀಬೇಕು, ಮುಂದಿನ ವರ್ಷದ ಫೀನೂ ಇದರಾಗ ಬರಬೇಕು. ಮತ್ತ ಕೇಳಿದ್ರ ನನ್ನ ಕಡೆ ಇಲ್ಲ. ನಿಮ್ಮ ಪಿಂಚಣಿ ಮುಟ್ಟಬ್ಯಾಡ್ರಿ. ಮುಟ್ಟಿದ್ರ ನಮ್ಮ ಮನ್ಯಾಗ ನೂರಾ ಎಂಟು ಮಾತ ಬರತಾವ."

"ಸಾಲದಿದ್ದರ?"

"ಸಾಲದಿದ್ದರ ಬಿ.ಎ. ಫಾರ್ಮ್ ತುಂಬಿ ಅಂಗಡಿ ಗಲ್ಲಾದ ಮ್ಯಾಲ ಕುಂದ್ರತಾಳ. ಮಾತಾಗೇತಿ."

ಮೊಮ್ಮಗಳು ತಲೆ ಎತ್ತಲಿಲ್ಲ. ಮಾತಾಗಿತ್ತು ಎಂದು ಅದರಿಂದಲೇ ತಿಳಿಯಿತು.

ನಾನು ಸರಕಾರಿ ನರ್ಸಾಗಿದ್ದವಳು. ಈ ತಾಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ನಿವೃತ್ತಳಾದೆ. ತರಬೇತಿಯ ದಿನಗಳಲ್ಲಿ ನಮ್ಮ ಮೇಟ್ರನ್ ಹಾಸಿಗೆಯ ಚಾದರದ ಮೂಲೆ ಸೊಟ್ಟಗಿದ್ದರೆ ಊಟಕ್ಕೆ ಬಿಡುತ್ತಿರಲಿಲ್ಲ. ಆ ಚಾಳಿ ಹೋಗಿಲ್ಲ. ಅಳಿಯ ಬಸ್ಸು ಹತ್ತುವ ಮೊದಲೇ ನಾನು ಹಾಲಿನ ಪುಡಿಯ ಮೂರು ಡಬ್ಬಿ ತೊಳೆದು ಒರೆಸಿ ಇಟ್ಟಾಗಿತ್ತು. ಮೇಲೆ ಔಷಧದ ಸೀಸೆಗೆ ಅಂಟಿಸುವ ಪಟ್ಟಿ ಹಚ್ಚಿ ಬರೆದೆ. ಮೊದಲನೆಯದು ಓದಿಗೆ: ಮೊಬೈಲಿನ ಪಾಠ, ಪುಸ್ತಕ, ಪರೀಕ್ಷೆಯ ಅರ್ಜಿ, ರವಿವಾರ ವಿಜಯಪುರಕ್ಕೆ ಹೋಗಿ ಮಾದರಿ ಪರೀಕ್ಷೆ ಬರೆದು ಬರುವ ಬಸ್ಸಿನ ಖರ್ಚು. ಎರಡನೆಯದು ಊಟ, ಬಟ್ಟೆ, ಜಡ್ಡುಜಾಪತ್ತಿಗೆ. ಇವೆರಡಕ್ಕೆ ಅರ್ಧ ಹಣ ಹೋಯಿತು. ಮೂರನೆಯದು ಫೀ. ಅದನ್ನು ಯಾರೂ ಮುಟ್ಟುವಂತಿಲ್ಲ. ಬ್ಯಾಂಕಿನಲ್ಲಿ ವರ್ಷದ ಠೇವಣಿ ಮಾಡುವುದು.

"ಆಯಿ," ಎಂದಳು ಮೊಮ್ಮಗಳು, "ಬ್ಯಾಂಕಿನ್ಯಾಗ ಇಟ್ರ ನಲವತ್ತೈದಕ್ಕ ಎಷ್ಟ ಬಡ್ಡಿ ಬರತೈತಿ? ಹಾಸ್ಟೆಲ್ ಹಿಡಿದು ಮುಂದಿನ ವರ್ಷ ಅರವತ್ತರ ಬೇಕು."

ಲೆಕ್ಕ ಸರಿಯಾಗಿತ್ತು.

ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಸಂಜೆ ಗಣಿತ ಹೇಳಿಕೊಡುತ್ತೇನೆ, ಆ ಹಣ ಮೂರನೆಯ ಡಬ್ಬಿಗೆ ಎಂದಳು. ಒಪ್ಪಿದೆ. ಆದರೂ ಕಮ್ಮಿ ಬೀಳುತ್ತಿತ್ತು. ಆಮೇಲೆ ಅವಳು ಕುರಿಯ ಮಾತು ತೆಗೆದಳು.

ನಮ್ಮ ಕಡೆ ಕುರಿಯನ್ನು ಪಾಲಿಗೆ ಬಿಡುವ ರೂಢಿ ಇದೆ. ಕುರಿ ನಮ್ಮದು, ಮೇಯಿಸುವವನು ಕುರುಬ. ಹುಟ್ಟಿದ ಮರಿಗಳಲ್ಲಿ ಅರ್ಧ ನಮಗೆ, ಅರ್ಧ ಅವನಿಗೆ. ಕುಣಿಕೋಣೂರದಲ್ಲಿ ನನಗೆ ಬೇಕಾದ ಒಂದು ಕುರುಬರ ಮನೆ ಇತ್ತು. ಆ ಮನೆಯ ಸೊಸೆಯ ಮೂರೂ ಹೆರಿಗೆ ನನ್ನ ಕೈಯಲ್ಲೇ ಆದವು. ಮೊದಲನೆಯದಂತೂ ರಾತ್ರಿ ಪೂರ್ತಿ ಕಾಡಿದ ಹೆರಿಗೆ. ಕೂಸು ಅತ್ತ ಸದ್ದಿಗೆ ಅವಳ ಅತ್ತೆ ಬಾಗಿಲ ಹೊರಗಿಂದ "ಗಂಡೋ ಹೆಣ್ಣೋ?" ಎಂದು ಕೂಗಿದ್ದಳು. ನಾನು ಒಳಗಿಂದಲೇ ಗದರಿದ್ದೆ: "ಮೊದಲ ತಾಯಿ ಹೆಂಗದಾಳ ಅಂತ ಕೇಳ!" ಆ ಮಾತು ಆ ಓಣಿಯಲ್ಲಿ ಬಹಳ ದಿನ ಓಡಾಡಿತು. ಆದರೆ ಸಂಬಂಧ ಉಳಿಯಿತು. ಅವರದು ಮಾಡಗ್ಯಾಳ ತಳಿಯ ಕುರಿ. ಗಿಣಿಯಂತೆ ಬಾಗಿದ ಮೂಗು, ಉದ್ದ ಕಾಲು, ಬಿಳಿ ಮೈಗೆ ಕಂದು ಮಚ್ಚೆ. ಅದಕ್ಕೆ ಬೇಡಿಕೆ ಎಷ್ಟೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ನಾನು ಒಂದು ದಿನ ಯೋಚಿಸಿ ಒಂದು ಶರತ್ತು ಹಾಕಿದೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಟಗರು ಮೇಯಿಸಿ ಕಸಾಯಿಗೆ ಮಾರಿದ ಹಣದಲ್ಲಿ ನಮ್ಮ ಹುಡುಗಿ ಓದಬಾರದು. "ಬರೇ ಹೆಣ್ಣು ಕುರಿ ತಗೊಳ್ಳೂಣು. ಹೆಣ್ಣು ಕುರಿ ಯಾರೂ ಕೊಯ್ಯಂಗಿಲ್ಲ. ಮರಿ ಹಾಕತಾವ, ಹಾಲು ಕೊಡತಾವ, ವರ್ಷದ ಮ್ಯಾಲ ಮಾರಿದ್ರ ಸಾಕೋರೇ ಒಯ್ತಾರ."

ನೂರಾರು ಹೆರಿಗೆ ಮಾಡಿಸಿದ ಹೆಂಗಸು ನಾನು. ಹೆಣ್ಣು ಕುರಿ ಗಂಡು ಮರಿಯನ್ನೂ ಹಾಕುತ್ತದೆ ಎಂಬುದು ಆ ದಿನ ನನಗೆ ಹೊಳೆಯಲಿಲ್ಲ. ಮೊಮ್ಮಗಳಿಗೆ ಹೊಳೆದಿರಬೇಕು. ಸುಮ್ಮನಿದ್ದಳು.

ಕುರುಬ ತನ್ನ ಹಿಂಡಿನಿಂದಲೇ ನಾಲ್ಕು ಕುರಿ ಆರಿಸಿ ಕೊಟ್ಟ. ಪೇಟೆಯ ದರಕ್ಕಿಂತ ಕಡಿಮೆಗೇ ಕೊಟ್ಟ. ಅವನ ಹೆಂಡತಿ, ನಾನು ಹೆರಿಗೆ ಮಾಡಿಸಿದ ಆ ಸೊಸೆ, ಪಕ್ಕದಲ್ಲಿ ನಿಂತು ಅಷ್ಟು ಮಾಡಿಸಿದಳು. ನಲವತ್ತೈದು ಸಾವಿರ ನಾಲ್ಕು ಕಾಲಿನದಾಗಿ ಹಿಂಡಿನೊಳಗೆ ಸೇರಿಹೋಯಿತು. ಗುರುತಿಗೆ ಕಿವಿಯ ಮೇಲೆ ಕೆಂಪು ಬಣ್ಣ ಹಚ್ಚಿದರು. ಮನೆಗೆ ಬಂದು ಮೂರನೆಯ ಡಬ್ಬಿ ತೆರೆದರೆ ತಳ ಹೊಳೆಯುತ್ತಿತ್ತು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬೀಳುವುದು ನಿಂತಿತು.

ವರ್ಷದ ದಿನಚರಿ ನಾನೇ ಹಾಕಿಕೊಟ್ಟೆ. ಬೆಳಕು ಹರಿಯುವ ಮೊದಲು ಏಳುವುದು, ಜೀವಶಾಸ್ತ್ರ. ನಾಷ್ಟಾ ಆದ ಮೇಲೆ ಭೌತಶಾಸ್ತ್ರ. ಮಧ್ಯಾಹ್ನ ಒಂದು ಡುಲಕಿ ನಿದ್ದೆ, ಹೆಚ್ಚಿಲ್ಲ. ಸಂಜೆ ಗಣಿತದ ಹುಡುಗಿಯರು. ಅವಳು ಎದುರಾಡದೆ ನಡೆಸಿದಳು. ಬೇಸರವಾದರೆ ನನ್ನನ್ನೇ ಅಣಕಿಸುತ್ತಿದ್ದಳು: "ಆಯಿ, ನಗೂದು ಎಷ್ಟು ಗಂಟೇಕ್ಕ ಐತಿ?" ಓಣಿಯ ಹೆಂಗಸರಿಗೆ ಮಾತ್ರ ಈ ವರ್ಷ ಅರ್ಥವಾಗಲಿಲ್ಲ. ಒಬ್ಬಳು ನಲ್ಲಿಯ ಹತ್ತಿರ ಹೇಳಿಯೇಬಿಟ್ಟಳು: "ನರ್ಸಬಾಯಾರ, ಖಾಲಿ ಕುಂತ ಹುಡಿಗಿ ಅಂದ್ರ ಖಾಲಿ ಬಂಡಿ ಇದ್ದಂಗ. ಯಾರರೆ ಬಂದು ಏನರೆ ಹೇರತಾರ್ರಿ."

"ನಮ್ಮ ಬಂಡಿ ಖಾಲಿ ಇಲ್ಲವಾ. ನಿನ್ನ ಕೊಡ ತುಂಬೇತಿ, ಹಿಂದ ಸರಿ," ಎಂದೆ.

ಹೊರಗೆ ಹೀಗೆ ಮಾತಾಡುತ್ತಿದ್ದೆ. ಒಳಗೆ ಪ್ರತಿ ತಿಂಗಳ ಮೊದಲ ದಿನ ಡಬ್ಬಿ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆಯುತ್ತಿದ್ದೆ. ಮೊಬೈಲಿನ ಪಾಠದವರು ನಡುವೆ ಇನ್ನೊಂದು ಕಂತು ಕೇಳಿದರು. ಬಸ್ಸಿನ ದರ ಏರಿತು. ಎರಡನೆಯ ಡಬ್ಬಿಯಿಂದ ಮೊದಲನೆಯದಕ್ಕೆ ಹಣ ಹೋಯಿತು. ನನ್ನ ಪಟ್ಟಿಯಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ.

ದೀಪಾವಳಿಗೆ ಮುಂಚೆ ನಾಲ್ಕೂ ಕುರಿ ಮರಿ ಹಾಕಿದವು. ಎರಡು ಹೆಣ್ಣು, ಎರಡು ಗಂಡು. ಹಿಂಡು ಮೇವಿಗೆಂದು ಕೃಷ್ಣಾ ನದಿಯ ಕಡೆ ಹೊರಡುವ ಮೊದಲು ಪಾಲು ಮಾಡಲು ಹೋದೆವು. ತಲಾ ಒಂದು ಹೆಣ್ಣು, ಒಂದು ಗಂಡು ಎಂದು ನಾನು ಮನಸ್ಸಿನಲ್ಲೇ ಹಂಚಿಕೊಂಡಿದ್ದೆ. ಕುರುಬ ತಲೆಯ ರುಮಾಲು ಸರಿಮಾಡಿಕೊಂಡು ಹೇಳಿದ:

"ನರ್ಸಬಾಯಾರ, ನಮ್ಮ ಹಿಂಡಿಗೆ ಹೆಣ್ಣು ಬೇಕ್ರಿ. ಹೆಣ್ಣೆರಡೂ ನಮಗಿರಲಿ, ಗಂಡೆರಡೂ ನಿಮಗ. ರೊಕ್ಕದ ಲೆಕ್ಕದಾಗ ಲಾಭ ನಿಮಗೇ ಐತ್ರಿ. ನಮ್ಮ ಕಡೆ ಪಾಲು ಹಿಂಗೇ ಆಗೂದು."

"ಗಂಡು ನನಗ ಬ್ಯಾಡಪ್ಪಾ."

ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಯವ್ವಾ, ಗಂಡು ಬ್ಯಾಡ ಅನ್ನೂ ಮಂದೀನ ಇವತ್ತೇ ನೋಡಿದ್ನಿ."

ಮರಿಗಳು ಇನ್ನೂ ಹಾಲು ಕುಡಿಯುತ್ತಿದ್ದವು, ಹಿಂಡಿನ ಜೊತೆ ಹೋದವು. ನಾಲ್ಕು ಕುರಿ ನಮ್ಮವೇ ತಾನೆ, ಬೇಸಗೆಯಲ್ಲಿ ಅವನ್ನೇ ಮಾರಿದರೆ ಫೀ ಆಗುತ್ತದೆ, ಗಂಡು ಮರಿಗಳ ಗೋಜೇ ಬೇಡ ಎಂದು ನಾನು ಯೋಜನೆ ತಿದ್ದಿದೆ.

ಚಳಿಗಾಲದಲ್ಲಿ ಕುರುಬನ ಫೋನು ಹತ್ತುವುದು ಅಪರೂಪವಾಯಿತು. ಹಿಂಡು ಇಂದು ಒಂದು ಊರಿನ ಹೊಲದಲ್ಲಿ, ವಾರದ ಮೇಲೆ ಇನ್ನೊಂದರಲ್ಲಿ. ಕಬ್ಬಿನ ನಾಡಿನಲ್ಲಿ ಕುರಿಗಳಿಗೆ ಏನೋ ಜಡ್ಡು ಬಂದಿದೆಯಂತೆ ಎಂದು ಜೀಪಿನಲ್ಲಿ ಯಾರೋ ಅಂದರು. ಯಾರ ಕುರಿ, ಯಾವ ಊರು, ಅವರಿಗೂ ಗೊತ್ತಿರಲಿಲ್ಲ. ನಾನು ಅಡುಗೆ ಮನೆಯಲ್ಲಿ ಹಾಲು ಉಕ್ಕಿಸಿದೆ. ನನ್ನ ಕೈಯಲ್ಲಿ ಹಾಲು ಉಕ್ಕಿದ್ದು ಮೊಮ್ಮಗಳು ಅದೇ ಮೊದಲು ನೋಡಿದ್ದು. ಪುಸ್ತಕ ಮುಚ್ಚಿ ಬಂದು, ಒಲೆ ಒರೆಸಿ, "ನಾ ಹೋದಾಗ ಎಲ್ಲಾಕ್ಕೂ ಲಸಿಕಿ ಹಾಕಿಸೇನಿ, ಆಯಿ. ಏನೂ ಆಗಂಗಿಲ್ಲ," ಎಂದಳು. ಆಮೇಲೆ ಅವಳೂ ಎರಡು ಸಲ ಫೋನು ಹಚ್ಚಿ ನೋಡಿದಳು.

ಪರೀಕ್ಷೆಗೆ ಇನ್ನು ಕೆಲವೇ ವಾರ ಇರುವಾಗ ಫೋನು ಸಿಕ್ಕಿತು. ಮಿರಜದ ಆಚೆ ಇದ್ದೇವೆ ಎಂದ. ನಾವಿಬ್ಬರೂ ಬೆಳಗಿನ ಬಸ್ಸು ಹಿಡಿದೆವು. ದಾರಿಯಲ್ಲೂ ಅವಳು ಓದುತ್ತಿದ್ದಳು. ನಾನು ಕಿಟಕಿಯಿಂದ ಕಂಡ ಪ್ರತಿ ಹಿಂಡಿನಲ್ಲಿ ಕೆಂಪು ಕಿವಿ ಹುಡುಕುತ್ತಿದ್ದೆ. ಕಬ್ಬು ಕಡಿದ ಒಂದು ಹೊಲದಲ್ಲಿ ಹಿಂಡು ನಿಂತಿತ್ತು. ಗೊಬ್ಬರಕ್ಕೆಂದು ಹೊಲದವರು ಕೂಡ್ರಿಸಿಕೊಂಡಿದ್ದರು. ನಮ್ಮ ನಾಲ್ಕೂ ಜೀವಂತವಾಗಿದ್ದವು. ಮೈ ತುಂಬಿಕೊಂಡಿದ್ದವು. ಬದುಗಳ ಮೇಲೆ ನಡೆಯಲು ಎತ್ತಿ ಸಿಕ್ಕಿಸಿದ್ದ ಸೀರೆ ಸರಿಮಾಡಿಕೊಂಡು ಹೇಳಿದೆ: "ಇವನ್ನ ಮಾರಿಬಿಡೂಣಪ್ಪಾ. ಗಿರಾಕಿ ನೋಡು. ಫೀಗೆ ರೊಕ್ಕ ಬೇಕು."

ಕುರುಬ ಒಂದು ಕುರಿಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿದಂತೆ ಮಾಡಿದ. "ನೀವೇ ಮುಟ್ಟಿ ನೋಡ್ರಿ."

ಮುಟ್ಟಿದೆ. ನನಗೆ ಹೇಳಿಕೊಡಬೇಕಾಗಿರಲಿಲ್ಲ.

"ನಾಲ್ಕೂ ಗಬ್ಬ ಅದಾವ್ರಿ. ಗಬ್ಬದ ಕುರಿ ಹಿಂಡಿನಿಂದ ಬಿಡಿಸಿ ಮಾರೂದು ನಮ್ಮಲ್ಲಿ ಇಲ್ರಿ. ಈದು, ಮರಿ ಮೇಯಾಕ ಕಲ್ತ ಮ್ಯಾಲ ಮಾರೋಣಂತ."

"ಅಲ್ಲೋ, ಅಷ್ಟರಾಗ ಕಾಲೇಜಿನ ಫೀ ತುಂಬೂ ದಿನ ಮುಗೀತಾವ."

"ನರ್ಸಬಾಯಾರ," ಅವನ ಹೆಂಡತಿ ರೊಟ್ಟಿ ತಟ್ಟುತ್ತಲೇ ಹೇಳಿದಳು, "ಬಸುರಿ ಹೆಂಗಸನ್ನ ಜೀಪಿನ್ಯಾಗ ಹಾಕಿ ಕಳಿಸಿದ್ರ ನೀವು ನಮ್ಮನ್ನ ಬಿಡತಿದ್ರೇನು?"

ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಟಗರ ಮರಿ ಎರಡು ಒಯ್ರಿ," ಎಂದ ಕುರುಬ. "ಮನ್ಯಾಗ ಕಟ್ಟಿ ಗೋವಿನಜೋಳ, ಶೇಂಗಾ ಹಿಂಡಿ ಹಾಕ್ರಿ. ಬಕ್ರೀದಕ್ಕ ವ್ಯಾಪಾರಿ ಮನೀಗೇ ಬರತಾನ. ಹಬ್ಬದ ಮುಂದ ಒಂದ ದರ, ಹಬ್ಬ ಆದ ಮ್ಯಾಲ ಅರ್ಧಾನೂ ಇಲ್ಲ."

ಹೀಗೆ ಎರಡು ಟಗರು ಉಮದಿಯ ನನ್ನ ಹಿತ್ತಲಿಗೆ ಬಂದವು. ಓಣಿಗೆ ಹಬ್ಬವಾಯಿತು. "ಈ ಸಲ ಬಕ್ರೀದ ನರ್ಸಬಾಯಿ ಮನ್ಯಾಗ!" ಎಂದು ನಲ್ಲಿಯ ಹತ್ತಿರದವಳು ಕೂಗಿದಳು. ನಾನು ಕಿವಿಗೊಡದೆ ಟಗರುಗಳಿಗೂ ದಿನಚರಿ ಹಾಕಿದೆ. ನೀರು, ಹಿಂಡಿ, ಹಸಿ ಮೇವು, ಮೈ ಉಜ್ಜುವುದು, ಎಲ್ಲಕ್ಕೂ ಹೊತ್ತು ಗೊತ್ತುಮಾಡಿದೆ. ಕೆಲವೇ ದಿನಗಳಲ್ಲಿ ಅವು ನನ್ನ ಚಪ್ಪಲಿಯ ಸದ್ದು ಗುರುತಿಸಿ ಎದ್ದು ನಿಲ್ಲತೊಡಗಿದವು. ಅದು ಒಳ್ಳೆಯದಾಗಲಿಲ್ಲ.

ಮೊಮ್ಮಗಳು ಪರೀಕ್ಷೆ ಬರೆದು ಬಂದಳು. ಹೇಗಾಯಿತು ಎಂದರೆ "ಚಲೋ ಆಗೇತಿ" ಎನ್ನುತ್ತಾಳೆ. ಕಳೆದ ವರ್ಷವೂ ಹಾಗೇ ಅಂದಿದ್ದಳಂತೆ. ಫಲಿತಾಂಶ ಬರುವ ಮೊದಲೇ ಹಬ್ಬ ಬರುತ್ತಿತ್ತು. ಸೀಟು ಸಿಗುವುದೋ ಇಲ್ಲವೋ ತಿಳಿಯುವ ಮುಂಚೆಯೇ ಟಗರು ಮಾರಬೇಕು. ಸೀಟು ಸಿಗದಿದ್ದರೆ ಆ ಜೀವಗಳನ್ನು ಕೊಟ್ಟದ್ದು ಯಾತಕ್ಕೆ? ಮಾರದೆ ಇಟ್ಟು ಸೀಟು ಸಿಕ್ಕರೆ ಫೀ ಎಲ್ಲಿಂದ? ಎರಡೂ ಕಡೆಯಿಂದ ಹೆದರಿಕೆಯಾಗುತ್ತಿತ್ತು. ಗಣಿತದ ಪಾಠದಿಂದ ಮೂರನೆಯ ಡಬ್ಬಿಗೆ ಹನ್ನೆರಡು ಸಾವಿರ ಸೇರಿತ್ತು. ಅದೊಂದೇ ಗಟ್ಟಿ ನೆಲ. ಅಳಿಯ ಫೋನಿನಲ್ಲಿ "ಎಲ್ಲಾ ಬರೋಬರಿ ನಡದೈತೆಲ್ರಿ ಅತ್ತೀರ?" ಎಂದು ಕೇಳಿದಾಗ "ಬರೋಬರಿ ಐತಿ" ಎಂದೆ. ಆಗಲೇ ಅಂಗಡಿಯ ಗಲ್ಲಾಕ್ಕೆ ಹೊಸ ಕುರ್ಚಿ ತಂದಿದ್ದೇವೆ ಎಂದೂ ಅವನು ಹೇಳಿದ.

ಬೇರೆ ದಾರಿ ಹುಡುಕಿದೆ. ತಳಿಗೆಂದು ಟಗರು ಸಾಕುವವರು ಇರುತ್ತಾರಲ್ಲ, ಅಂಥವರಿಗೆ ಕೊಟ್ಟರಾಯಿತು. ಉಟಗಿಯಿಂದ ಒಬ್ಬರು ಬಂದರು. ಎರಡನ್ನೂ ನಿಲ್ಲಿಸಿ, ಹಿಂದೆ ಮುಂದೆ ಸುತ್ತಿ, ಮೂಗು ಹಿಡಿದು ನೋಡಿದರು. "ಮೈಕಟ್ಟು ಚಲೋ ಐತ್ರಿ, ಬಣ್ಣ ಕೂಡಿಲ್ಲ. ಬೀಜದ ಟಗರಿಗೆ ಮಚ್ಚಿ ಹಿಂಗ ಇರಬಾರದು," ಎಂದು ಚಹಾ ಕುಡಿದು ಹೋದರು. ಮರುದಿನ ನಾನೇ ಜೀಪು ಹತ್ತಿ ಸುತ್ತಲ ಹಳ್ಳಿಗಳಲ್ಲಿ ವಿಚಾರಿಸಿದೆ. ಒಬ್ಬರು ಸುಗ್ಗಿಯ ಮೇಲೆ ಹಣ ಕೊಡುತ್ತೇನೆಂದರು. ಇನ್ನೊಬ್ಬರು ಒಂದೇ ಸಾಕೆಂದರು, ಅದಕ್ಕೂ ಹೇಳಿದ ದರ ಕೇಳುವಂತಿರಲಿಲ್ಲ.

ಸಂಜೆ ಬಂದು ಕಟ್ಟೆಯ ಮೇಲೆ ಕುಳಿತೆ. ಮೊಮ್ಮಗಳು ಟಗರಿನ ಗೊರಸು ಹಿಡಿದು ಸಿಕ್ಕ ಕಲ್ಲು ತೆಗೆಯುತ್ತಿದ್ದಳು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು.

"ಆಯಿ, ಒಂದ ಮಾತ ಕೇಳಲಿ?"

"ಕೇಳು."

"ನಾಳಿ ನಾ ಡಾಕ್ಟರ್ ಆದೆ ಅಂತ ತಿಳಿ. ಕಸಾಯಿಯವರು ಜಡ್ಡಾದ ಟಗರು ತಂದ್ರ ನಾ ಔಷಧ ಕೊಡಂಗಿಲ್ಲೇನು? 'ನೀ ಕೊಯ್ಯಾಂವ ಅದಿ, ಹೊರಗ ನಡಿ' ಅನ್ಲೇನು? ನೀ ದವಾಖಾನ್ಯಾಗ ಯಾರ ಮನೀ ಬಸುರಿನರೆ ಜಾತಿ ಕೇಳಿ ಒಳಗ ಬಿಟ್ಟಿದ್ದೇನು?"

"ಅದು ಬ್ಯಾರೆ, ಇದು ಬ್ಯಾರೆ."

"ಬ್ಯಾರೆ ಇದ್ರ ನಾ ಬ್ಯಾರೆ ಕೋರ್ಸ್ ತಗೋಬೇಕು." ಗೊರಸು ಬಿಟ್ಟು ಎದ್ದಳು. ಅವಳ ಕಣ್ಣು ತುಂಬಿತ್ತು. ಟಗರು ಅವಳ ಸೊಂಟಕ್ಕೆ ತಲೆ ಒರಸುತ್ತಿತ್ತು. "ನನಗ ಬೇಕಾಗೇತಿ ಅಂತ ತಿಳದೀಯೇನು, ಇವನ್ನ ಕೊಡೂದು?"

ನಾನು ಕುರುಬನಿಗೆ ಫೋನು ಹಚ್ಚಿ, ವ್ಯಾಪಾರಿಯನ್ನು ಕಳಿಸು ಎಂದೆ.

ವಿಜಯಪುರದ ಕಡೆಯ ವ್ಯಾಪಾರಿ. ನನ್ನಷ್ಟೇ ವಯಸ್ಸು, ಬಿಳಿ ಗಡ್ಡ, ಸಾವಧಾನದ ಮನುಷ್ಯ. ಬಾಗಿಲಲ್ಲೇ ಚಪ್ಪಲಿ ಬಿಟ್ಟು "ಬರಬಹುದೇನ್ರಿ ಅಮ್ಮಾ?" ಎಂದು ಕೇಳಿ ಹಿತ್ತಲಿಗೆ ಬಂದ. ಕಿವಿ, ಕಣ್ಣು, ಹಲ್ಲು, ಕಾಲು ಒಂದೊಂದಾಗಿ ನೋಡಿದ. ವಾರ್ಡಿನಲ್ಲಿ ನಾವು ಹುಟ್ಟಿದ ಕೂಸನ್ನು ನೋಡುತ್ತಿದ್ದ ಕ್ರಮವೇ ಅದು.

"ಹಬ್ಬಕ್ಕ ಒಯ್ಯೂ ಜೀವಕ್ಕ ಒಂದು ಊನ ಇರಬಾರದ್ರಿ. ಇವಕ್ಕ ಒಂದು ಗೀರು ಸೈತ ಇಲ್ಲ. ಯಾರು ಸಾಕ್ಯಾರ?"

"ನಮ್ಮ ಆಯಿ," ಎಂದಳು ಮೊಮ್ಮಗಳು. "ಗಡಿಯಾರ ನೋಡಿ ಮೇವು ಹಾಕ್ಯಾಳ."

ಅವನು ಹೇಳಿದ ದರ ಕೇಳಿ ನಾನು ಜಗ್ಗಾಡಲಿಲ್ಲ. ಜಗ್ಗಾಡಿದ್ದು ಮೊಮ್ಮಗಳು, ಎರಡು ಸಾವಿರ ಏರಿಸಿದಳು. ಅಂಗಡಿಯ ರಕ್ತ. ಕೊನೆಗೆ ಐವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆಗೆ ಎರಡೂ ಹೋದವು. ಹಗ್ಗ ನಾನೇ ಬಿಚ್ಚಿ ಕೊಟ್ಟೆ. ನಾನು ಮಾಡಿದ ಕೆಲಸಕ್ಕೆ ಬೆನ್ನು ಹಾಕಿ ಒಳಗೆ ಕೂರುವ ರೂಢಿ ನನಗಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಸಾಬೂನು ಹಚ್ಚಿ ಕೈ ತೊಳೆದೆ. ಅದಕ್ಕೆ ಬೇರೆ ಅರ್ಥವಿಲ್ಲ; ಪ್ರಾಣಿ ಮುಟ್ಟಿದ ಮೇಲೆ ತೊಳೆಯಲೇಬೇಕು. ಮರುದಿನ ಬೆಳಿಗ್ಗೆ ನೀರಿನ ಬಕೆಟ್ಟು ಹಿಡಿದು ಹಿತ್ತಲಿಗೆ ಹೋಗಿ, ಹಾಗೇ ತಿರುಗಿ ಬಂದೆ.

ಫಲಿತಾಂಶ ಬಂತು. ಅಂಕ ಹೆಚ್ಚಿತ್ತು, ಸಾಕಷ್ಟು ಹೆಚ್ಚಿತ್ತೋ ಇಲ್ಲವೋ ತಿಳಿಯಲು ಸೀಟಿನ ಪಟ್ಟಿಗೆ ಕಾಯಬೇಕಿತ್ತು. ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಆ ವಾರ ನಮ್ಮಿಬ್ಬರ ನಡುವೆ ದಿನಚರಿ ಬಿಟ್ಟು ಬೇರೆ ಮಾತೇ ನಡೆಯಲಿಲ್ಲ. ಎರಡನೆಯ ಪಟ್ಟಿ ಬಂದ ದಿನ ನಾನು ಕಾಳು ಹಸನು ಮಾಡುತ್ತಿದ್ದೆ. ಅವಳು ಮೊಬೈಲು ನನ್ನ ಕಣ್ಣಿಗೆ ಹಿಡಿದಳು. ಕನ್ನಡಕ ಹಾಕಿಕೊಂಡಿರಲಿಲ್ಲ, ಏನೂ ಕಾಣಲಿಲ್ಲ. ಅವಳೇ ಓದಿ ಹೇಳಿದಳು. ಸೀಟು ಸಿಕ್ಕಿತ್ತು. ಫೀ ಮತ್ತು ಹಾಸ್ಟೆಲ್ಲಿನ ಹಣ ಅಂದೇ ತುಂಬಿದೆವು. ಡಬ್ಬಿಯಲ್ಲಿ ಉಳಿದದ್ದು ಅವಳ ಪ್ರಯಾಣದ ಖರ್ಚಿಗೆ ಸರಿಹೋಯಿತು. ಅಳಿಯನಿಗೆ ಫೋನು ಮಾಡಿ ಗಲ್ಲಾದ ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿ ಎಂದೆ. ಅವನು "ರೊಕ್ಕ ಹೆಂಗ ಹೊಂದಿಸಿದ್ರಿ ಅತ್ತೀರ?" ಎಂದ. ಇದ್ದದ್ದು ಇದ್ದಹಾಗೆ ಹೇಳಿದೆ. "ಆತು ಬಿಡ್ರಿ," ಎಂದ.

ಅವಳು ಹೋದ ಮೇಲೆ ನಿದ್ದೆ ಮರಳುತ್ತದೆ ಎಂದುಕೊಂಡಿದ್ದೆ. ಮರಳಲಿಲ್ಲ. ಇದು ಒಂದು ವರ್ಷದ ಫೀ ಅಷ್ಟೇ. ಮುಂದಿನ ವರ್ಷದ್ದು ಆ ನಾಲ್ಕು ಕುರಿಗಳ ಹೊಟ್ಟೆಯಲ್ಲಿತ್ತು. ಮಳೆಗಾಲಕ್ಕೆ ಹಿಂಡು ಕುಣಿಕೋಣೂರಕ್ಕೆ ಮರಳಿತ್ತು. ಮಳೆ ಜೋರಾದರೆ ಕುರಿಗಳು ನೆನೆಯುತ್ತವೆ ಎಂದು ಹೆದರಿಕೆ, ಬಾರದಿದ್ದರೆ ಮೇವಿಲ್ಲ ಎಂದು ಹೆದರಿಕೆ.

ಒಂದು ಬೆಳಿಗ್ಗೆ ಕುರುಬನ ಹೆಂಡತಿಯ ಫೋನು ಬಂತು. ನಾಲ್ಕರಲ್ಲಿ ಎರಡು ಈದಿವೆ ಎಂದಳು. ನಾನು ಒಲೆಯ ಮೇಲಿನ ಚಹಾ ಮರೆತು, ಫೋನು ಕಿವಿಗೆ ಒತ್ತಿಕೊಂಡು ಕೇಳಿದೆ:

"ಗಂಡೋ ಹೆಣ್ಣೋ?"

ಅವಳು ಮನೆಯವರಿಗೆಲ್ಲ ಕೇಳುವಂತೆ ನಗತೊಡಗಿದಳು. ನಗು ತಡೆದು, ಗಂಟಲು ಸರಿಮಾಡಿಕೊಂಡು, ನನ್ನದೇ ದನಿಯಲ್ಲಿ ಗದರಿದಳು:

"ಮೊದಲ ತಾಯಿ ಹೆಂಗದಾಳ ಅಂತ ಕೇಳ್ರಿ, ನರ್ಸಬಾಯಾರ!"

ಕೇಳಿದೆ.